ಸುಮ್ಮನಿದ್ದ ಅಲಾರಂ

"ಅಲಾರಂ ಬೆಳಿಗ್ಗೆ ಒಂದು ಸಲ ಕೂಗಿತ್ತು ಸರ್, ಆಮೇಲೆ ಸುಮ್ಮನಾಯ್ತು. ಲೈನ್ ಸರಿಯಾಗೇ ಇದೆ," ಎಂದು ಎಕ್ಸ್‌ರೇ ವಿಭಾಗದವರಿಗೆ ಹೇಳಿ ಅವಳು ಫೋನಿಟ್ಟಳು. ಕಣ್ಣು ತೆರೆದಿಟ್ಟುಕೊಳ್ಳುವುದೇ ಅವಳಿಗೆ ಒಂದು ಕೆಲಸವಾಗಿತ್ತು.

ಆಸ್ಪತ್ರೆಯ ನೆಟ್‌ವರ್ಕ್ ರೂಮಿನಲ್ಲಿ ದಿನವಿಡೀ ಸ್ಕ್ರೀನ್ ಕಾಯುವ ಅವಳನ್ನು ಎಲ್ಲರೂ ಮಾನಿಟರಮ್ಮ ಎಂದೇ ಕರೆಯುತ್ತಿದ್ದರು. ಯಾವ ಪೋರ್ಟಿನಲ್ಲಿ, ಅಂದರೆ ಯಾವ ವಿಭಾಗದ ಲೈನಿನಲ್ಲಿ, ಡೇಟಾ ಟ್ರಾಫಿಕ್ ಎಷ್ಟು ಏರಿದರೆ ಅಲಾರಂ ಕೂಗಬೇಕು ಎಂದು ಮಿತಿ ಹಾಕುವವನು ಮಿತಿರಾಯ. ಇಬ್ಬರ ನಡುವೆ ಒಂದು ಗಾಜಿನ ಗೋಡೆ. ಅವನು ಇತ್ತ ನೋಡಿದರೆ ಅವಳು ತಲೆ ತಗ್ಗಿಸುವಳು; ಅವಳು ಅತ್ತ ನೋಡಿದರೆ ಅವನು ಮೇಜಿನಡಿ ಕೇಬಲ್ ಹುಡುಕುವನು. ನೋಡುವವರಿಗೇ ಕತ್ತು ನೋಯಬೇಕು.

ಅವನು ಒಂದೇ ಒಂದು ಸಲ ಕೇಳಿದ್ದ. ಬೇಸಿಗೆಯಲ್ಲಿ ಲಿಫ್ಟ್ ಕೆಟ್ಟು ಇಬ್ಬರೂ ಮೆಟ್ಟಿಲು ಹತ್ತುತ್ತಿದ್ದಾಗ, ಏದುಸಿರು ಬಿಡುತ್ತಲೇ, "ನನ್ನನ್ನ ಮದುವೆ ಆಗ್ತೀರಾ?" ಎಂದಿದ್ದ. ಆಗಷ್ಟೇ ಅವಳ ಅಮ್ಮ ಹಾಸಿಗೆ ಹಿಡಿದಿದ್ದರು.

"ಈಗ ಏನೂ ಕೇಳಬೇಡಿ. ನನಗೆ ಸಾಕಾಗಿಹೋಗಿದೆ," ಎಂದಿದ್ದಳು.

"ಆಯ್ತು," ಎಂದಿದ್ದ.

ಬೇಸಿಗೆ ಹೋಗಿ ಚಳಿ ಬಂತು. ಆ ಮಾತು ಮತ್ತೆ ಬರಲಿಲ್ಲ. ಕುದಿದ ಹಾಲೂ ಆರುತ್ತದೆ, ಗಂಡಸಿನ ಮನಸ್ಸು ಯಾವ ಲೆಕ್ಕ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ನಾಳೆಯಿಂದ ಅವನು ದೂರದ ಹೊಸ ಶಾಖೆಗೆ. ಹೋಗಬೇಡಿ ಎನ್ನಲು ತನಗೇನು ಹಕ್ಕು?

ಮತ್ತೆ ಫೋನ್. ಮತ್ತದೇ ಎಕ್ಸ್‌ರೇ ವಿಭಾಗದವರು. "ಕಂಪ್ಯೂಟರಲ್ಲಿ ಒಂದು ಫಿಲ್ಮ್ ತೆರೆಯೋಕೆ ಅರ್ಧ ದಿನ ಹಿಡೀತಿದೆ. ಸರಿಯಾಗಿದೆ ಅಂತೀರಲ್ಲಮ್ಮ, ನೋಡಿ ಹೇಳಿದ್ರಾ?"

ಅವಳ ಮುಖ ಕಂಡು ಮಿತಿರಾಯ ಎದ್ದು ಬಂದ. ಕುರ್ಚಿಯ ಪಕ್ಕದಲ್ಲಿ ಬಗ್ಗಿ ಗ್ರಾಫ್ ತೆರೆದ. ರಾತ್ರಿ ಮಾಡಬೇಕಾದ ಬ್ಯಾಕಪ್ಪನ್ನು ಯಾರೋ ಹಗಲಲ್ಲೇ ಶುರುಮಾಡಿ ಲೈನೆಲ್ಲ ತುಂಬಿಸಿಬಿಟ್ಟಿದ್ದರು. ಟ್ರಾಫಿಕ್ಕಿನ ಗೆರೆ ಬೆಳಗಿನಿಂದ ಮೇಲೆಯೇ ಇತ್ತು. ಅವನು ಬ್ಯಾಕಪ್ ನಿಲ್ಲಿಸಿದ.

"ಇದು ಇಳಿದೇ ಇರಲಿಲ್ವಲ್ರೀ."

"ಮತ್ತೆ ಕೂಗಲೇ ಇಲ್ಲ!"

"ಕೂಗಲ್ಲ. ನೂರಕ್ಕೆ ಎಂಬತ್ತು ದಾಟಿದಾಗ ಒಂದು ಸಲ ಕೂಗುತ್ತೆ. ಅರವತ್ತಕ್ಕಿಂತ ಕೆಳಗೆ ಬಂದ್ರೆ, ಇಳಿದೆ ಅಂತ ಹೇಳುತ್ತೆ. ಅಲ್ಲೀತನಕ ಬಾಯಿ ಬಿಡಲ್ಲ. ನಿಮಗೆ ಗೊತ್ತಿರೋದೇ."

ಗೊತ್ತಿತ್ತು. ಮೊದಲು ಒಂದೇ ಮಿತಿ ಇದ್ದಾಗ ಗೆರೆ ಎಂಬತ್ತರ ಹತ್ತಿರ ಸ್ವಲ್ಪ ತೂಗಾಡಿದರೂ ಅಲಾರಂ ಕೂಗಿ ಕೂಗಿ ಜೀವ ತಿನ್ನುತ್ತಿತ್ತು. "ಇದರ ಬಾಯಿ ಮುಚ್ಚಿಸಿ ದಮ್ಮಯ್ಯ," ಎಂದು ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತ ದಿನ, ಅವನು ಊಟ ಬಿಟ್ಟು ಕೂತು ಪ್ರತಿ ಪೋರ್ಟಿಗೂ ಎರಡನೆಯ ಮಿತಿ ಹಾಕಿದ್ದ. ದಣಿದ ತಲೆ ಅದನ್ನು ಇವತ್ತು ಮರೆತಿತ್ತು.

"ನನಗೆ ಸುಸ್ತು ಅಂತ ತಾನೇ ಸುಮ್ಮನಾಗಿಸಿದ್ದು?"

"ಹೂಂ."

"ಸುಮ್ಮನಿದೆಯಲ್ಲ, ಇಳಿದಿರಬೇಕು ಅಂದ್ಕೊಂಡೆ."

"ಅಂದ್ಕೊಳ್ತೀರಿ ಅಂತ ನನಗೆ ಹೊಳೀಲಿಲ್ಲ," ಎಂದು ಅವನು ಮೌಸಿನ ವೈರನ್ನು ಬೆರಳಿಗೆ ಸುತ್ತತೊಡಗಿದ. ಅವನ ಕಿವಿಗಳು ಕೆಂಪಾಗಿದ್ದವು.

ಅವನೂ ಒಂದೇ ಸಲ ಕೇಳಿ ಸುಮ್ಮನಾಗಿದ್ದ. ಇಷ್ಟು ದಿನ ತಾನು ಆ ಗ್ರಾಫ್ ತೆರೆದು ನೋಡಿಯೇ ಇರಲಿಲ್ಲ.

"ಮೆಟ್ಟಿಲ ಮೇಲೆ ಒಂದು ಮಾತು ಕೇಳಿದ್ರಿ," ಎಂದಳು ಮೆಲ್ಲಗೆ. "ಅದು ಇಳೀತಾ?"

ಅವನು ವೈರನ್ನು ಬಿಟ್ಟ. "ಇಳಿದಿದ್ರೆ ಹೇಳ್ತಿದ್ದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎರಡಕ್ಕೂ ತ್ರಾಣವಿರಲಿಲ್ಲ.

"ನೋಡಿ, ಅಮ್ಮ ಈಗಲೂ ಹಾಸಿಗೇಲೇ ಇದ್ದಾರೆ. ನಾನು ಈಗಲೂ ಸುಸ್ತಾಗೇ ಇದ್ದೀನಿ. ಏನೂ ಬದಲಾಗಿಲ್ಲ."

"ಗೊತ್ತು."

"ಆದ್ರೂ ಇನ್ನೊಂದ್ಸಲ ಕೇಳಿ."

"ಇಲ್ಲೇನಾ?"

"ನಾಳೆ ನೀವು ಆ ಗಾಜಿನಾಚೆ ಇರಲ್ವಲ್ಲ."

ಅವನು ಕೇಳಿದ. ಮೆಟ್ಟಿಲು ಹತ್ತದಿದ್ದರೂ ಅದೇ ಏದುಸಿರು. ಅವಳು ಹೂಂ ಎಂದು, ಭಾರವಾದ ತಲೆಯನ್ನು ಅವನ ತೋಳಿಗೆ ಆನಿಸಿದಳು. ಅವನು ಅಲುಗಾಡದೆ ನಿಂತ.

ಸ್ಕ್ರೀನಿನಲ್ಲಿ ಒಂದು ಹಸಿರು ಸಾಲು ಮೂಡಿತು.

"ಎಕ್ಸ್‌ರೇ ಲೈನ್ ಇಳೀತು," ಎಂದಳು ಕಣ್ಣು ಮುಚ್ಚುತ್ತಾ.

"ಅದೊಂದು ಇಳೀಲಿ ಬಿಡಿ," ಎಂದ ಮಿತಿರಾಯ.