ಪೈಲ್ವಾನ ಕಚ್ಚುವುದಿಲ್ಲ

"ಮೇಲ್ಮನೆಯಲ್ಲಿ ಕಚ್ಚುವ ನಾಯಿ ಇದೆ. ಮಕ್ಕಳಿರುವವರು ಬೇರೆ ಕಡೆ ಉಳಿದುಕೊಳ್ಳುವುದು ಒಳ್ಳೆಯದು," ಎಂದಿತು ಗೈಡ್ ಫೋನು, ಬಹಳ ನಯವಾಗಿ.

ಬೆನ್ನಿಗೆ ದೊಡ್ಡ ಬ್ಯಾಗು ಹೊತ್ತಿದ್ದ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮಗನ ಕೈ ಹಿಡಿದು, ಬಂದ ದಾರಿಯಲ್ಲೇ ಇಳಿದು ಹೋದರು.

ಅವರ ಹಿಂದೆಯೇ ಬೆಟ್ಟ ಹತ್ತಿ ಬಂದ ಚೂಟಿ ಕವಲುದಾರಿಯಲ್ಲಿ ನಿಂತುಬಿಟ್ಟಳು. ಕಚ್ಚುವ ನಾಯಿಯ ಮಾತು ಅವಳದೇ.

ಬೆಟ್ಟದ ಮೇಲೆ ಸಿಗ್ನಲ್ ಸಿಗುವುದಿಲ್ಲ. ಅದಕ್ಕೇ ಊರು ನೋಡಲು ಬರುವವರಿಗೆಂದು ಬಸ್ ನಿಲ್ದಾಣದ ಕೌಂಟರಿನಲ್ಲಿ ಆರು ಗೈಡ್ ಫೋನುಗಳನ್ನು ಇಟ್ಟಿದ್ದಾರೆ. ನೆಟ್ ಇಲ್ಲದಿದ್ದರೂ ಅವುಗಳೊಳಗಿನ ಎಐ ದಾರಿ ಹೇಳುತ್ತದೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ. ಊರಿನ ಸಂಗತಿಗಳನ್ನು ಅದಕ್ಕೆ ಹೇಳಿಕೊಟ್ಟವರು ಐದನೇ ಕ್ಲಾಸಿನ ಮಕ್ಕಳು. ಒಬ್ಬೊಬ್ಬರು ಒಂದೊಂದು ಜಾಗಕ್ಕೆ ಹೋಗಿ, ಕಣ್ಣಾರೆ ನೋಡಿ ಬಂದು, ಮೈಕಿನಲ್ಲಿ ಹೇಳಬೇಕು ಎಂದಿದ್ದರು ಟೀಚರ್.

ಚೀಟಿ ಎತ್ತಿದಾಗ ಚೂಟಿಗೆ ಬೆಟ್ಟದ ಮೇಲಿನ ಮೇಲ್ಮನೆ ಬಂದಿತ್ತು. ಆದರೆ ಆ ಏರು ಹತ್ತುವವರು ಯಾರು? ಅವಳು ಅರ್ಧ ದಾರಿಯಲ್ಲೇ ಒಂದು ಕಲ್ಲಿನ ಮೇಲೆ ಕೂತು, ಕಾಲು ಅಲ್ಲಾಡಿಸಿ, ವಾಪಸ್ ಬಂದಿದ್ದಳು. ನಾಲ್ಕು ವರ್ಷದವಳಿದ್ದಾಗ ಆ ಮನೆಯ ನಾಯಿ ಅಟ್ಟಿಸಿಕೊಂಡು ಬಂದದ್ದು ನೆನಪಿತ್ತು. ಅಷ್ಟನ್ನೇ ಹಿಡಿದು, ಮೇಲ್ಮನೆಯಲ್ಲಿ ಕಚ್ಚುವ ನಾಯಿ ಇದೆ ಎಂದು ಮೈಕಿನಲ್ಲಿ ಹೇಳಿದಳು. ಬರುವವರಿಗೆ ಇಂಥ ವಿವರವೇ ಬೇಕು ಎಂದು ಟೀಚರ್ ಕ್ಲಾಸಿನಿಂದ ಚಪ್ಪಾಳೆ ಹೊಡೆಸಿದ್ದರು. ಥಟ್ಟನೆ ಉತ್ತರ ಕೊಡುತ್ತಾಳೆಂದೇ ಅಲ್ಲವೇ ಅವಳಿಗೆ ಚೂಟಿ ಎಂಬ ಹೆಸರು!

ಮಕ್ಕಳಿರುವವರು ಬೇರೆ ಕಡೆ ಉಳಿಯಬೇಕು ಎಂದು ಮಾತ್ರ ಅವಳು ಹೇಳಿರಲಿಲ್ಲ. ಎಐ ತಾನೇ ಅದನ್ನು ಸೇರಿಸಿಕೊಂಡಿತ್ತು.

ಚೂಟಿ ಮೇಲ್ಮನೆ ತಲುಪಿದಾಗ, ಊರಿನವರೆಲ್ಲ ದೊಡ್ಡಮ್ಮ ಎಂದು ಕರೆಯುವ ಮನೆಯೊಡತಿ ಅಂಗಳದಲ್ಲಿ ಬೆಡ್‌ಶೀಟು ಒಣಹಾಕುತ್ತಿದ್ದಳು. ಊರಿಗೆ ಬಂದವರಿಗೆ ಎರಡು ಕೋಣೆ ಕೊಟ್ಟು, ಟೀ ಮಾಡಿಕೊಟ್ಟು ಬದುಕುವವಳು ಅವಳು. ಟೈಲರ್ ಆಗಿದ್ದ ತನ್ನ ಅಮ್ಮ ಹೊಲಿದು ಕಳಿಸಿದ್ದ ದಿಂಬಿನ ಕವರುಗಳನ್ನು ಚೂಟಿ ಅವಳ ಕೈಗಿಟ್ಟಳು.

"ಇವನ್ನ ಯಾರಿಗೆ ಹಾಕ್ಲಿ ಕಣೇ?" ಎಂದಳು ದೊಡ್ಡಮ್ಮ. "ಒಂಬತ್ತು ದಿನ ಆಯ್ತು, ಒಬ್ರೂ ಬಂದಿಲ್ಲ. ಕವಲಿನ ತನಕ ಬರ್ತಾರೆ, ವಾಪಸ್ ಹೋಗ್ತಾರೆ. ನನ್ನ ಟೀ ಚೆನ್ನಾಗಿಲ್ಲ ಅಂತ ಯಾರಾದ್ರೂ ಹೇಳಿದ್ರಾ? ಈ ಶೀಟು ಮೂಸಿ ನೋಡು, ವಾಸನೆ ಬರುತ್ತಾ?"

ಚೂಟಿ ಮೂಸಿದಳು. ಸೋಪಿನ ವಾಸನೆ, ಬಿಸಿಲಿನ ವಾಸನೆ. ಇಲ್ಲ ಎಂದು ತಲೆಯಾಡಿಸಿದಳು.

ಅಂದು ಅಟ್ಟಿಸಿಕೊಂಡು ಬಂದಿದ್ದ ಅದೇ ನಾಯಿ, ಈಗ ಮುದಿಯಾಗಿ, ಮೂಲೆಯಿಂದ ಎದ್ದು ಬಂತು. ಹೆಸರು ಪೈಲ್ವಾನ. ಬಂದದ್ದೇ ಅವಳ ಪಾದದ ಮೇಲೆ ಗದ್ದವಿಟ್ಟು, ದೊಡ್ಡದಾಗಿ ಆಕಳಿಸಿತು. ಬಾಯಲ್ಲಿ ಲೆಕ್ಕಕ್ಕೆ ಎರಡೇ ಹಲ್ಲು.

ತಿಂಗಳ ಕೊನೆಯವರೆಗೆ ನೋಡುತ್ತೇನೆ, ಆಮೇಲೆ ಕೋಣೆ ಮುಚ್ಚಿ ತಂಗಿಯ ಮನೆಗೆ ಹೋಗುತ್ತೇನೆ ಎಂದಳು ದೊಡ್ಡಮ್ಮ. ಅದು ಒಂದೇ ಕೋಣೆಯ ಮನೆ. ಪೈಲ್ವಾನನಿಗೆ ಅಲ್ಲಿ ಜಾಗವಿಲ್ಲ. ಚೂಟಿಗೆ ನೆಲ ಬಾಯಿಬಿಟ್ಟರೆ ಸಾಕು ಅನಿಸಿತು. ಹೋಗಿ ಬರುತ್ತೇನೆ ಎಂದೂ ಹೇಳದೆ ಓಡಿಬಂದಳು.

ಮರುದಿನ ಕ್ಲಾಸಿನಲ್ಲಿ ಯಾರೂ ಇಲ್ಲದಾಗ ಟೀಚರಿಗೆ ಎಲ್ಲ ಹೇಳಿದಳು. ತಲೆ ಎತ್ತಲಿಲ್ಲ. ನೀನು ನೋಡಿ ಬಂದೆಯಾ ಎಂದು ಕೇಳದೆ ಚಪ್ಪಾಳೆ ಹೊಡೆಸಿದವಳು ನಾನು ಎಂದರು ಟೀಚರ್. ಫೋನಿನಲ್ಲಿರುವುದನ್ನು ತಿದ್ದಬೇಕಾದರೆ ಎಂಜಿನಿಯರ್ ಲ್ಯಾಪ್‌ಟಾಪ್ ಹಿಡಿದು ಬರಬೇಕು. ಅವರು ಬರುವುದು ತಿಂಗಳ ಕೊನೆಯ ದಿನ, ಅಂದರೆ ಇನ್ನೂ ಹನ್ನೆರಡು ದಿನ.

"ಕೌಂಟರಿನವರಿಗೆ ನಾನು ಹೇಳ್ತೀನಿ," ಎಂದರು ಟೀಚರ್. "ಆದ್ರೆ ಕವಲಲ್ಲಿ ಫೋನು ಮಾತಾಡುವಾಗ ಅಲ್ಲಿ ಯಾರಿರ್ತಾರೆ? ಅದು ಸುಳ್ಳು ಅಂತ ಫೋನಿಗೆ ಗೊತ್ತಿಲ್ಲ. ಗೊತ್ತಿರೋದು ನಿನಗೆ."

ಸ್ಕೂಲು ಬಿಟ್ಟ ಮೇಲೆ ಚೂಟಿ ಕವಲಿಗೆ ಹೋಗಿ ನಿಂತಳು. ಮೂರೂವರೆ ಬಸ್ಸಿಗೆ ಬಂದ ಇಬ್ಬರು ಹೆಂಗಸರು ಮತ್ತು ಅವಳ ವಯಸ್ಸಿನ ಒಬ್ಬ ಹುಡುಗಿ ಹತ್ತಿ ಬಂದರು. ಫೋನು ನಯವಾಗಿ ತನ್ನ ಪಾಠ ಒಪ್ಪಿಸಿತು.

"ಅದು ಸುಳ್ಳು," ಎಂದಳು ಚೂಟಿ. "ನಾಯಿ ಕಚ್ಚಲ್ಲ."

ಮೂವರೂ ಅವಳತ್ತ ತಿರುಗಿದರು. ನಿನಗೆ ಹೇಗೆ ಗೊತ್ತು ಎಂದು ಹುಡುಗಿ ಕೇಳಿದಳು. ಚೂಟಿಯ ಕಿವಿ ಬಿಸಿಯಾಯಿತು.

"ಫೋನಿಗೆ ಹಾಗೆ ಹೇಳಿದ್ದೇ ನಾನು. ನೋಡದೇ ಹೇಳಿದೆ."

ಹಾಗಾದರೆ ಈಗ ಫೋನನ್ನು ನಂಬಬೇಕೋ, ನಿನ್ನನ್ನೋ ಎಂದು ಹೆಂಗಸರಲ್ಲಿ ಹಿರಿಯವರು ನಕ್ಕರು. ಚೂಟಿ ಮೇಲ್ಮನೆಯ ದಾರಿಯತ್ತ ಕೈ ತೋರಿಸಿದಳು. ಬಂದು ನೋಡಿ ಎಂದಳು, ಅಷ್ಟೇ.

ಅವರು ಬಂದರು. ಪೈಲ್ವಾನ ಮೂವರ ಚಪ್ಪಲಿಯನ್ನೂ ಮೂಸಿ, ಆ ಹುಡುಗಿಯ ಪಕ್ಕದಲ್ಲೇ ಮಲಗಿತು. ದೊಡ್ಡಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಹೊಸ ಕವರುಗಳನ್ನು ಹುಡುಕಿ, ಟೀಗೆ ನೀರಿಟ್ಟಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚೂಟಿಯ ಕೆನ್ನೆ ಸವರಿದಳು.

"ನೀನೇ ಕರ್ಕೊಂಡು ಬಂದ್ಯಾ? ಎಷ್ಟು ಒಳ್ಳೆ ಹುಡುಗಿ ನೀನು."

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಚೂಟಿಗೆ ಆ ಚಪ್ಪಾಳೆ ನೆನಪಾಯಿತು. ಒಲೆಯ ಕಡೆ ನೋಡುತ್ತಾ ಕಲ್ಲಿನಿಂದ ಹಿಡಿದು ಮೈಕಿನವರೆಗೆ ಎಲ್ಲ ಹೇಳಿಬಿಟ್ಟಳು.

ದೊಡ್ಡಮ್ಮನ ಕೈ ಟೀಪುಡಿ ಡಬ್ಬಿಯಲ್ಲೇ ನಿಂತಿತು. ಈಗ ಬೈಯುತ್ತಾಳೆ ಎಂದು ಚೂಟಿ ಕಾದಳು. ಬೈದರೆ ಸಾಕು ಅನಿಸಿತು.

"ಹಾಗಾದ್ರೆ ಟೀ ಚೆನ್ನಾಗೇ ಇತ್ತು," ಎಂದಳು ದೊಡ್ಡಮ್ಮ, ತನಗೆ ತಾನೇ ಹೇಳಿಕೊಳ್ಳುವಂತೆ. ಅವಳ ಕಣ್ಣು ತುಂಬಿತ್ತು.

ಇಷ್ಟು ದಿನ ಅವಳು ಒಗೆದ ಶೀಟನ್ನೇ ಮತ್ತೆ ಮತ್ತೆ ಮೂಸಿ ನೋಡಿದ್ದಳು. ಚೂಟಿಗೆ ಅಳು ಬಂತು.

ಕಣ್ಣು ಒರೆಸಿಕೊಂಡು ಅವಳು ಕವಲಿಗೆ ಇಳಿದಳು. ಪೈಲ್ವಾನ ತೇಕುತ್ತಾ ಹಿಂದೆಯೇ ಬಂದು ಅವಳ ಪಕ್ಕ ಕೂತಿತು. ಕೆಳಗೆ ಐದು ಗಂಟೆ ಬಸ್ಸಿನ ಹಾರ್ನ್ ಕೇಳಿಸಿತು. ಚೂಟಿ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು. ಈ ಸಲ ನಾಯಿಯ ವಿಷಯ ಆಮೇಲೆ. ಮೊದಲು ತನ್ನ ಸುಳ್ಳಿನದು.