ಡ್ರಾಫ್ಟ್: ಫಾಲ್ಸ್

ವೆಬ್‌ಸೈಟ್ ಕಟ್ಟಿಕೊಡುವ ಹಳೆಯ ಸಾಫ್ಟ್‌ವೇರ್, ಆ ಜನರೇಟರ್, ತೀರಾ ನಿಧಾನ ಎಂದು ಎಲ್ಲರೂ ಗೊಣಗುತ್ತಿದ್ದರು. ಅವಳೊಬ್ಬಳಿಗೆ ಮಾತ್ರ ಆ ನಿಧಾನದ ಮೇಲೆ ಪ್ರೀತಿ.

ಹಳೆಯ ವಾದ್ಯಗಳ ಆ ಪುಟ್ಟ ಮ್ಯೂಸಿಯಂನ ವೆಬ್‌ಸೈಟ್ ನೋಡಿಕೊಳ್ಳುವವಳು ಅವಳು. ಒಂದು ಪುಟ ತಿದ್ದಿದರೂ ಸಾಕು, ಇಡೀ ಸೈಟನ್ನು ಮತ್ತೆ ಕಟ್ಟಲು ಜನರೇಟರ್ ಒಂದು ಕಾಫಿಯಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ಆ ಕಾಫಿ ಬಾಲ್ಕನಿಯಲ್ಲಿ, ವಾದ್ಯಗಳ ಫೋಟೋ ತೆಗೆಯುವ ಫೋಟೋಗ್ರಾಫರ್ ಜೊತೆ. ಅವಳು ನಕ್ಕಾಗಲೆಲ್ಲ ಅವನು ದಪ್ಪ ಕನ್ನಡಕ ತೆಗೆದು ಸುಮ್ಮಸುಮ್ಮನೆ ಒರೆಸುತ್ತಿದ್ದ.

ಅಂಥವನೇ ಒಂದು ದಿನ ಮ್ಯೂಸಿಯಂ ನಡೆಸುವ ಅವಳ ಅಮ್ಮನ ಮುಂದೆ ಬಾಯಿಬಿಟ್ಟ. “ಹೊಸ ಜನರೇಟರ್ ಒಂದಿದೆ ಮೇಡಂ. ಕಣ್ಣು ಮಿಟುಕಿಸೋದ್ರೊಳಗೆ ಸೈಟ್ ಕಟ್ಟಿಬಿಡುತ್ತೆ.”

ಪಕ್ಕದಲ್ಲೇ ಇದ್ದ ಅವಳು ಅವನನ್ನೇ ದಿಟ್ಟಿಸಿದಳು. ತನ್ನ ಜೊತೆಗಿನ ಕಾಫಿ ಇವನಿಗೆ ಅಷ್ಟು ಬೇಸರವಾಯಿತೇ?

“ನಾನೇ ಕಲೀತೀನಿ. ಯಾರ ಸಹಾಯಾನೂ ಬೇಡ,” ಎಂದು ಮುಖ ತಿರುಗಿಸಿದಳು.

ಹಲ್ಲು ಕಚ್ಚಿಕೊಂಡು ಕಲಿತಳು. ಫೋಲ್ಡರುಗಳು ಬೇರೆ, ಟೆಂಪ್ಲೇಟಿನ ಭಾಷೆ ಬೇರೆ. ಸ್ವಂತ ಅಡುಗೆಮನೆಯಲ್ಲೇ ಉಪ್ಪು ಹುಡುಕಿದ ಹಾಗಾಯಿತು. ಬಾಲ್ಕನಿಯತ್ತ ತಲೆ ಹಾಕಲಿಲ್ಲ.

ಹೊಸ ಪ್ರದರ್ಶನದ ಸಂಜೆ ಬಂತು. ಅವಳ ಪರದೆಯ ಮೇಲೆ ಪಿಟೀಲುಗಳು ಮಿರಮಿರ ಮಿಂಚುತ್ತಿದ್ದವು. ಇಂಟರ್ನೆಟ್ಟಿಗೆ ಬಿಟ್ಟು ನೋಡಿದರೆ ಬರೀ ಖಾಲಿ ಪುಟ.

“ನೋಡ್ಲಾ?” ಹಿಂದಿನಿಂದ ಅವನ ದನಿ.

“ಬೇಡ.”

“ಬರೀ ನೋಡ್ತೀನಿ, ಮುಟ್ಟಲ್ಲ.”

“ಕನ್ನಡಕ ಒರೆಸ್ಕೊಂಡು ನಿಂತಿರು.”

ಅವನು ನಿಜಕ್ಕೂ ಒರೆಸಿಕೊಂಡು ನಿಂತ.

ಆಗ ಹೊಳೆಯಿತು. ಹಳೆಯದರಲ್ಲಿ ಅರೆಬರೆ ಪುಟಗಳಿಗೆ ಬೇರೆಯೇ ಫೋಲ್ಡರ್. ಅಲ್ಲಿಂದ ಎತ್ತಿ ಹೊರಗಿಟ್ಟರೆ ಪ್ರಕಟವಾದ ಹಾಗೆ. ಅದೇ ಅಭ್ಯಾಸದಲ್ಲಿ ಫೈಲುಗಳನ್ನು ಎತ್ತಿಟ್ಟು ಸುಮ್ಮನಾಗಿದ್ದಳು. ಹೊಸದರಲ್ಲಿ ಪ್ರತಿ ಪುಟದ ತಲೆಯ ಮೇಲೂ ‘ಡ್ರಾಫ್ಟ್: ಟ್ರೂ’ ಎಂಬ ಸಾಲು, ಅಂದರೆ ಇದಿನ್ನೂ ಕರಡು. ಡ್ರಾಫ್ಟನ್ನೂ ತೋರಿಸು ಎಂದು ತನ್ನ ಕಂಪ್ಯೂಟರಿಗೆ ಅವಳೇ ಹೇಳಿದ್ದಳು, ಹಾಗಾಗಿ ಅದು ತೋರಿಸಿತ್ತು. ಹೊರಗಿನವರಿಗೆ ತೋರಿಸಬೇಕಾದರೆ ಆ ಸಾಲು ಬದಲಾಗಬೇಕು.

ಎಲ್ಲ ಕಡೆ ‘ಟ್ರೂ’ ಅಳಿಸಿ ‘ಫಾಲ್ಸ್’ ಬರೆದಳು. ಕಣ್ಣು ಮಿಟುಕಿಸುವುದರೊಳಗೆ ಪಿಟೀಲುಗಳು ಊರಿಗೆಲ್ಲ ಕಂಡವು.

“ಗೆದ್ದೆ,” ಎಂದು ಕುರ್ಚಿಯನ್ನು ಗಿರ್ರನೆ ತಿರುಗಿಸಿದಳು. ಅವನ ಮುಖದಲ್ಲಿ ಅವಳಿಗಿಂತ ಹೆಚ್ಚು ಖುಷಿ. ಅದನ್ನು ಕಂಡು ತಡೆದಿಟ್ಟಿದ್ದ ಮಾತು ಹೊರಗೆ ಬಂತು.

“ಆ ಕಾಫಿ ನಿಂಗೆ ಅಷ್ಟು ಬೇಡವಾಗಿತ್ತಾ?”

“ಬೇಡವಾಗಿತ್ತು,” ಎಂದ. “ನಾನು ಧೈರ್ಯ ಮಾಡಿ ಬಾಯಿ ತೆರೆಯೋ ಹೊತ್ತಿಗೇ ಒಳಗೆ ಕಂಪ್ಯೂಟರ್ ಟಿಣ್ ಅಂತಿತ್ತು. ಸೈಟ್ ರೆಡಿ ಅಂತ ನೀನು ಎದ್ದು ಓಡ್ತಿದ್ದೆ. ನಂಗೆ ಟಿಣ್ ಅನ್ನದ ಕಾಫಿ ಬೇಕಿತ್ತು.”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. “ಒಳಗೆ ಎಲ್ಲಾ ಇದೆ, ಹೊರಗೆ ಖಾಲಿ ಪುಟ. ನಿನ್ನ ತಲೆ ಮೇಲೂ ಆ ‘ಡ್ರಾಫ್ಟ್’ ಸಾಲು ಇದೆ ಕಣೋ. ಅಳಿಸು.”

ಅವನು ಕನ್ನಡಕ ತೆಗೆದ. ಈ ಸಲ ಒರೆಸಲಿಲ್ಲ.

“ನೀನಂದ್ರೆ ನಂಗೆ ತುಂಬಾ ಇಷ್ಟ. ಮದುವೆ ಆಗ್ತೀಯಾ?”

“ಇದನ್ನ ಕೇಳೋಕೆ ಇಡೀ ಸೈಟ್ ಬದಲಾಯಿಸಬೇಕಿತ್ತಾ? ಆಗ್ತೀನಿ,” ಎಂದು ಅವನ ಕೈ ಹಿಡಿದಳು.

ಬಾಗಿಲಲ್ಲಿ ಅಮ್ಮ. “ಸೈಟ್ ಏನಾಯ್ತು?”

“ಪಬ್ಲಿಶ್ ಆಯ್ತು, ಅತ್ತೆ,” ಎಂದ ಅವನು, ಕೈ ಬಿಡದೆ.

ಅಮ್ಮ ಇಬ್ಬರ ಕೈಗಳನ್ನೂ ನೋಡಿದರು. ನಿನ್ನೆಯವರೆಗೆ ಅವನಿಗೆ ತಾವು ಮೇಡಂ ಆಗಿದ್ದುದು ನೆನಪಾಗಿ ನಕ್ಕರು.

“ಹೋಗಿ, ಕಾಫಿ ಕುಡ್ಕೊಂಡು ಬನ್ನಿ ಅಳಿಯಂದ್ರೇ. ನಿಧಾನವಾಗಿ.”