ಮಗುಚಿ ಸುಟ್ಟ ಫೋಟೋ

ಒಂಚೂರು ಕೂತು ಇದನ್ನ ಪೂರ್ತಿ ಕೇಳಿ. ಕಳ್ಳರು ಯಾರು ಅಂತ ಬೇಗ ಗೊತ್ತಾಗ್ಬಿಡುತ್ತೆ. ಕಷ್ಟ ಇರೋದು ಅದಾದ್ಮೇಲೆ.

ಮಾರ್ಚ್ ಹನ್ನೊಂದು, ಬೆಳಿಗ್ಗೆ. ಅಮೆರಿಕದ ಮೂಲನಿವಾಸಿ ಕವೀಯಾ ಜನರ ಪೊಲೀಸ್ ಠಾಣೆಗೆ ನವೋಮಿ ಅನ್ನೋ ಹೆಂಗಸು ದೂರು ತಂದ್ಲು. ಬುಡಕಟ್ಟಿನ ಚರಿತ್ರೆ ಕೋಣೆಯಿಂದ ಹಳೇ ಫೋಟೋ ಕಳವಾಗಿದೆ. ಅದ್ರಲ್ಲಿ ಒಬ್ಬ ತಾಯಿ, ಇಬ್ರು ಹುಡುಗೀರು.

"ಚಿಕ್ಕೋಳು ನಮ್ಮಜ್ಜಿ ಸಾರ್. ಬಿಳಿಯರು ಬೋರ್ಡಿಂಗ್ ಶಾಲೆಗೆ ಎಳ್ಕೊಂಡು ಹೋಗಿ, ಅಲ್ಲಿಂದ ದೂರದ ಆರೆಗಾನ್‌ನಲ್ಲಿ ಯಾರಿಗೋ ಸಾಕೋಕೆ ಕೊಟ್ಬಿಟ್ರು. ತನ್ನೋರು ಯಾರು ಅಂತ ತಿಳೀದೇನೇ ಸತ್ಲು. ವರ್ಷಗಟ್ಲೆ ಶಾಲೆ ದಾಖಲೆ ಹುಡುಕ್ಕೊಂಡು ಇಲ್ಲಿಗೆ ಬಂದೆ."

"ಮೊಬೈಲಲ್ಲಿ ಒಂದು ತೆಗೆದಿಟ್ಕೊಳ್ಳೋಕೆ ಏನಾಗಿತ್ತಮ್ಮಾ?" ಅಂದ ಪೇದೆ ರಸೆಲ್.

"ಸತ್ತೋರ ಮುಖ, ಇಲ್ಲಿರೋ ಅವ್ರ ಮನೆಯೋರು ಒಪ್ಪೋ ತನಕ ತೋರ್ಸಲ್ಲ ಅಂದ್ರು ಹಿರಿಯರು. ಬಟ್ಟೆ ಮುಚ್ಚಿಟ್ಟಿದ್ರು. ಭಾನುವಾರ ಕೇಳ್ತೀವಿ ಅಂದಿದ್ರು, ಕಾಯ್ತಿದ್ದೆ. ನಾನಿನ್ನೂ ನೋಡೇ ಇಲ್ಲ ಸಾರ್."

ಫೋಟೋ ಪೇಟೆ ಮ್ಯೂಸಿಯಂನೋರು ಎರವಲು ಕಳಿಸಿದ್ದು. ಅವರ ಹತ್ರಾನೂ ಇನ್ನೊಂದು ಪ್ರತಿ ಇಲ್ಲ. ಸಾರ್ಜೆಂಟ್ ವಿಲ್ಬರ್ ಎಫ್‌ಐಆರ್ ಹಾಕಿ ಪಂಚನಾಮೆಗೆ ಹೊರಟ.

ಬೀಗ ಒಡೆದಿಲ್ಲ. ಬೆಳ್ಳಿ ಚೌಕಟ್ಟು ಮೇಜಿನ ಮೇಲೇ ಇದೆ. ಮುಚ್ಚಿದ್ದ ಬಟ್ಟೆ ನೀಟಾಗಿ ಮಡಚಿದೆ.

"ಬೆಳ್ಳಿ ಬಿಟ್ಟು ಕಾಗ್ದ ಕದಿಯೋನು ಎಂಥಾ ದಡ್ಡ ಸಾರ್?" ಅಂದ ಜೊತೆಗೆ ಬಂದಿದ್ದ ರಸೆಲ್.

"ಮಾರೋಕೆ ಕದ್ದಿದ್ದಲ್ಲ ಕಣೋ."

ವಿಲ್ಬರ್ ಮಡಚಿದ್ದ ಬಟ್ಟೆ ಎತ್ತಿ ನೋಡಿದ. ಅವನಪ್ಪ ತೀರಿಕೊಂಡಾಗ ಅಂಗಿ, ಟೋಪಿ, ಫೋಟೋ ಎಲ್ಲಾ ಸುಟ್ಟಿದ್ರು. ಸತ್ತೋರ ವಸ್ತು ಉಳಿದ್ರೆ ಅವರ ಆತ್ಮ ಇಲ್ಲಿಂದ ಹೊರಡೋಕಾಗಲ್ಲ ಅನ್ನೋದು ಅವರ ಜನರ ನಂಬಿಕೆ. ಕೋಣೆ ಕೀಲಿ ಇರೋ ಹಿರಿಯರಲ್ಲಿ ಫೋಟೋದಲ್ಲಿರೋರ ಮನೆತನದೋಳು ಒಬ್ಬಳೇ, ಸೆಲೆಸ್ಟಿನಾ. ಚಿಕ್ಕಂದಿನಲ್ಲಿ ಅವನನ್ನ ಎತ್ತಿ ಆಡಿಸಿದ ಅಜ್ಜಿ.

ಅವಳು ಅಂಗಳದಲ್ಲಿ ಗಂಜಿಗೆ ಓಕ್ ಮರದ ಕಾಯಿ ಸಿಪ್ಪೆ ಬಿಡಿಸ್ತಿದ್ಲು.

"ಬಾರೋ ಡುಮ್ಮಾ. ಬೆಲ್ಟ್ ಇನ್ನೊಂದು ತೂತು ಮುಂದೆ ಹೋಯ್ತಾ?"

"ಫೋಟೋ ಎಲ್ಲಜ್ಜಿ?"

"ಸುಟ್ಟೆ."

"ಯಾಕೆ?"

"ಅದ್ರಲ್ಲಿರೋ ದೊಡ್ಡ ಹುಡುಗಿ ನಾನೇ ಕಣೋ. ಅಮ್ಮ ಸತ್ತಾಗ ಅವಳ್ದೆಲ್ಲಾ ಆವತ್ತೇ ಸುಟ್ವಿ, ಅದೊಂದು ಬಿಳಿಯರ ಪೆಟ್ಟಿಗೇಲಿ ಉಳ್ಕೊಂಡಿತ್ತು. ತಂಗೀದು ಅಂತ ಸುಡೋಕಂತೂ ಒಂದು ರಿಬ್ಬನ್ನೂ ಇರ್ಲಿಲ್ಲ. ಎಲ್ಲಿ ಸತ್ಲೋ, ಕನಸಲ್ಲಿ ಬಂದು ಅಳ್ತಿದ್ಲು."

"ಮ್ಯೂಸಿಯಂನೋರನ್ನ ಕೇಳ್ಬೋದಿತ್ತಲ್ಲ?"

"ಕೇಳ್ದೆ. ವಾಪಸ್ ಬೇಕು ಅಂದ್ರು. ನಮ್ಮಮ್ಮನ್ನ ನಮಗೇ ಎರವಲು ಕೊಡ್ತಾರಂತೆ." ಸಿಪ್ಪೆ ಊದಿ ಹಾರಿಸಿದ್ಲು. "ನಿನ್ನೆ ತಂಗಿ ಅಳ್ಲಿಲ್ಲ ಕಣೋ. ದಾರಿ ಸಿಕ್ಕಿರುತ್ತೆ."

ವಿಲ್ಬರ್ ದಸ್ತಗಿರಿ ಮಾಡಿದ. ಬೇಡಿ ಹಾಕ್ಲಿಲ್ಲ. ಜೀಪು ಹತ್ತಿ ಕೂತ ಅಜ್ಜಿ ಮುಖ ತೊಳೆದಂಗೆ ಹಗುರಾಗಿತ್ತು.

"ದೂರು ಕೊಟ್ಟೋರು ಯಾರೋ?"

ಮ್ಯೂಸಿಯಂನೋರು ಅಂದ್ಬಿಟ್ಟಿದ್ರೆ ಆಗ್ತಿತ್ತು. ಅಜ್ಜೀನ ನೇರ ಪೇಟೆ ಕೋರ್ಟಿಗೆ ಕರ್ಕೊಂಡು ಹೋಗಿದ್ರೆ ನವೋಮಿ ಕಣ್ಣಿಗೆ ಬೀಳೋದೂ ತಪ್ಪುತ್ತಿತ್ತು. ವಿಲ್ಬರ್ ಇದ್ದದ್ದನ್ನೇ ಹೇಳಿದ.

"ನಿನ್ನ ತಂಗಿ ಮೊಮ್ಮಗಳು ಕಣಜ್ಜಿ. ಠಾಣೇಲಿ ಕೂತಿದ್ದಾಳೆ. ಫೋಟೋದಲ್ಲಿದ್ದ ಮುಖ ಒಂದ್ಸಲ ನೋಡ್ಬೇಕಿತ್ತಂತೆ."

ದಾರಿಯುದ್ದಕ್ಕೂ ಅಜ್ಜಿ ಬೆರಳಿಗಂಟಿದ್ದ ಓಕ್ ಸಿಪ್ಪೆ ಕೀಳ್ತಾ ಕೂತ್ಲು.

ಠಾಣೇಲಿ ನವೋಮಿ ಬೈಲಿಲ್ಲ, ಕೂಗಾಡ್ಲಿಲ್ಲ. ಅಜ್ಜಿ ಮುಂದೆ ಮಂಡಿಯೂರಿ ಕೂತು ಒಂದೇ ಮಾತು ಕೇಳಿದ್ಲು: "ನಮ್ಮಜ್ಜಿ, ಅವ್ರಮ್ಮ ಆಗ ನೋಡೋಕೆ ಹೇಗಿದ್ರು?"

"ನಂಗೂ ಮಾಸಿಹೋಗಿದೆ ಮಗಳೇ. ನೋಡಿದ್ರೆ ಸುಡೋಕೆ ಕೈ ಬರ್ತಿರ್ಲಿಲ್ಲ. ಮಗುಚಿ ಬೆಂಕಿಗೆ ಹಾಕ್ದೆ."

ಆಮೇಲೆ ಇಬ್ರೂ ಒಬ್ಬರ ಕೈ ಒಬ್ರು ಹಿಡ್ಕೊಂಡು ಕೂತಿದ್ರು. ರಸೆಲ್ ಎದ್ದು ಹೊರಗೆ ಹೋದ. ಅಜ್ಜಿಗೆ ಕಡೇಗೂ ತನ್ನೋಳು ಅಂತ ಒಬ್ಳು ಸಿಕ್ಲು, ಆದ್ರೆ ತಂಗಿಗೆ ದಾರಿ ಸಿಕ್ತು ಅಂತ ಅಷ್ಟು ವರ್ಷಕ್ಕೆ ಸಿಕ್ಕಿದ್ದ ನೆಮ್ಮದಿ ಹೋಯ್ತು.

ಜೀಪಲ್ಲಿ ವಿಲ್ಬರ್ ಬಾಯಿ ಬಿಡಬಾರ್ದಿತ್ತಾ? ನೀವಾಗಿದ್ರೆ ಹೇಳ್ತಿದ್ರಾ?